ದಪ್ಪಗಾದ ದೊಡ್ಡ ನಾಯಿಯ ತೂಕ ಇಳಿಸುವುದು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ತಾಲೂಕಿನ ನಮ್ಮ ಮನೆಯಲ್ಲಿ ಕರಿಯ ಎಂಬ ಲ್ಯಾಬ್ರಡಾರ್ ಇದ್ದಾನೆ. ಐದು ವರ್ಷ ತುಂಬುವ ಹೊತ್ತಿಗೆ ಅವನು ಜೀಪಿನ ಹಿಂಬದಿಗೆ ಹಾರುವುದನ್ನು ಬಿಟ್ಟ. ಮುಂಗಾಲನ್ನು ಮಾತ್ರ ಮೇಲಿಟ್ಟು, ಉಳಿದದ್ದನ್ನು ಯಾರಾದರೂ ಎತ್ತಲಿ ಎಂದು ತಿರುಗಿ ನೋಡುತ್ತಿದ್ದ. ನಾವದನ್ನು ಸೋಮಾರಿತನವೆಂದು ಭಾವಿಸಿ ನಗುತ್ತಿದ್ದೆವು. ಒಂದು ದಿನ ಕಾಫಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಾಗ 44.2 ಕೇಜಿ ತೋರಿಸಿತು. ಗಂಡು ಲ್ಯಾಬ್ರಡಾರಿನ ಸಾಮಾನ್ಯ ತೂಕ 29ರಿಂದ 36 ಕೇಜಿ, ಹೆಣ್ಣಿನದು 25ರಿಂದ 32 ಕೇಜಿ ಎಂಬುದು ತಿಳಿದ ಮೇಲೆ ಯಾರೂ ನಗಲಿಲ್ಲ. ಅವನನ್ನು 34.5 ಕೇಜಿಗೆ ತರಲು ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ನಮ್ಮದೇ ತಪ್ಪಿನಿಂದ ವ್ಯರ್ಥವಾದವು.

ಆ ಅನುಭವದಿಂದ ನನಗೆ ಖಚಿತವಾದ ಸಂಗತಿ ಒಂದೇ. ನಾಯಿ ದಪ್ಪಗಾಗುವುದು ಅದರ ತಟ್ಟೆಗೆ ಬೀಳುವ ಊಟದಿಂದಷ್ಟೇ ಅಲ್ಲ, ತಟ್ಟೆಯ ಹೊರಗೆ ಹತ್ತು ಕೈಗಳಿಂದ ಅದರ ಬಾಯಿಗೆ ಬೀಳುವುದರಿಂದ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ನಾಯಿಗಿಂತ ಮನೆಯವರಿಗೇ ಸಂಬಂಧಿಸಿದವು.

ಮೊದಲ ಹಂತ: ಕಣ್ಣನ್ನು ನಂಬದೆ ಕೈಯಿಂದ ನೋಡುವುದು

ದಿನವೂ ನೋಡುವ ನಾಯಿ ದಪ್ಪಗಾದದ್ದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಂತಹ ದಟ್ಟ ಕೂದಲಿನ ನಾಯಿಗಳಲ್ಲಂತೂ ಕೂದಲೇ ಎಲ್ಲವನ್ನೂ ಮರೆಮಾಡುತ್ತದೆ. ನಾಯಿಯನ್ನು ನಿಲ್ಲಿಸಿ, ಎರಡೂ ಪಕ್ಕೆಗಳ ಮೇಲೆ ಬೆರಳುಗಳನ್ನು ಒತ್ತದೆ ಸವರಿ. ಬಳಿಕ ನಿಮ್ಮದೇ ಕೈಯನ್ನು ಮುಷ್ಟಿ ಹಿಡಿದು ಬೆರಳಿನ ಗೆಣ್ಣುಗಳ ಮೇಲೆ ಸವರಿಕೊಳ್ಳಿ: ಪಕ್ಕೆಲುಬು ಹಾಗೆ ಎದ್ದು ಸಿಕ್ಕಿದರೆ ನಾಯಿ ತೀರಾ ಬಡಕಲಾಗಿದೆ. ಕೈಯನ್ನು ಬಿಡಿಸಿ ಚಾಚಿದಾಗ ಅದರ ಹಿಂಬದಿಯ ಎಲುಬುಗಳು ಸಿಗುವಂತೆ ಸಿಕ್ಕಿದರೆ ಸರಿಯಾಗಿದೆ. ಅಂಗೈ ಮುಟ್ಟಿದಂತೆ ಮೆತ್ತಗಿದ್ದು, ಎಲುಬನ್ನು ಹುಡುಕಬೇಕಾಗಿ ಬಂದರೆ ಬೊಜ್ಜು ಸೇರಿದೆ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಸಣ್ಣದಾಗಿ ಕಾಣಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆಯ ಗೆರೆ ಹಿಂಗಾಲಿನ ಕಡೆಗೆ ಮೇಲೇರಬೇಕು.

ಪಶುವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ನಾಲ್ಕು ಅಥವಾ ಐದು ಬಂದರೆ ಆರೋಗ್ಯಕರ. ಐದರ ಮೇಲಿನ ಒಂದೊಂದು ಅಂಕಕ್ಕೂ ಇರಬೇಕಾದ ತೂಕಕ್ಕಿಂತ ಸುಮಾರು ಶೇ 10ರಷ್ಟು ಹೆಚ್ಚಿದೆ ಎಂದು ಲೆಕ್ಕ. ಕರಿಯನಿಗೆ ಎಂಟು ಬಂದಿತ್ತು, ಎಂದರೆ ಶೇ 30ರಷ್ಟು ಹೆಚ್ಚು. 44.2ನ್ನು 1.3ರಿಂದ ಭಾಗಿಸಿದಾಗ ಬಂದ 34 ಕೇಜಿಯೇ ನಮ್ಮ ಗುರಿಯಾಯಿತು. ಮುಧೋಳದಂತಹ ಬೇಟೆ ತಳಿಗಳಿಗೆ ಈ ಕಣ್ಣಳತೆಯನ್ನು ಹಾಗೆಯೇ ಅನ್ವಯಿಸಬಾರದು. ಅವು ಹುಟ್ಟಿನಿಂದಲೇ ತೆಳ್ಳಗಿನವು, ಒಂದೆರಡು ಪಕ್ಕೆಲುಬು ಕಂಡರೆ ಅದು ಹಸಿವಿನ ಗುರುತಲ್ಲ.

ಎರಡನೇ ಹಂತ: ತೂಗುವುದು

ನಲವತ್ತು ಕೇಜಿಯ ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲುವುದು ಸೊಂಟಕ್ಕೆ ಅಪಾಯ. ಅದೃಷ್ಟವಶಾತ್ ನಮ್ಮ ಕಡೆ ತಕ್ಕಡಿಗಳಿಗೆ ಬರವಿಲ್ಲ. ಕಾಫಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಹೆಚ್ಚಿನ ತೋಟಗಳಲ್ಲಿರುತ್ತದೆ. ಹಾಸನದ ಬಯಲಿನ ಕಡೆಯವರಿಗೆ ಆಲೂಗಡ್ಡೆ ತೂಗುವ ಮಂಡಿಯ ತಕ್ಕಡಿಯೋ, ಗೊಬ್ಬರದ ಅಂಗಡಿಯ ತಕ್ಕಡಿಯೋ ಸಾಕು. ಉಕ್ಕಿನ ಹಲಗೆಯ ಮೇಲೆ ನಾಯಿಯ ಕಾಲು ಜಾರುವುದರಿಂದ ಒಂದು ಒಣ ಗೋಣಿಚೀಲ ಹಾಸಿ, ಸೊನ್ನೆಯ ಗುಂಡಿ ಒತ್ತಿ, ಆಮೇಲೆ ನಾಯಿಯನ್ನು ಹತ್ತಿಸಿ. ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಊಟಕ್ಕೆ ಮೊದಲು, ಅದೇ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೇರೆ ಬೇರೆ ತಕ್ಕಡಿಗಳ ಅಂಕಿಗಳನ್ನು ಹೋಲಿಸಬೇಡಿ.

ಮೂರನೇ ಹಂತ: ಪಶುವೈದ್ಯರ ಬಳಿ ಹೋಗುವುದು

ಆಹಾರ ಕಡಿಮೆ ಮಾಡುವ ಮೊದಲೇ ಇದು ಆಗಬೇಕು. ಥೈರಾಯ್ಡ್ ಗ್ರಂಥಿ ನಿಧಾನವಾಗಿ ಕೆಲಸ ಮಾಡುತ್ತಿದ್ದರೆ ನಾಯಿ ಸ್ವಲ್ಪ ತಿಂದರೂ ತೂಕ ಏರುತ್ತದೆ, ಮಂಕಾಗುತ್ತದೆ, ಕೂದಲು ಉದುರುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಅತಿಯಾಗುವ ಕುಶಿಂಗ್ ಕಾಯಿಲೆಯಲ್ಲಿ ಹೊಟ್ಟೆ ಜೋತುಬೀಳುತ್ತದೆ, ನೀರು ಕುಡಿಯುವುದೂ ಮೂತ್ರ ಮಾಡುವುದೂ ವಿಪರೀತವಾಗುತ್ತದೆ. ತುರಿಕೆಗೆಂದು ತಿಂಗಳುಗಟ್ಟಲೆ ಕೊಡುವ ಸ್ಟೀರಾಯ್ಡ್ ಮಾತ್ರೆ ಮತ್ತು ಮೂರ್ಛೆಗೆ ಕೊಡುವ ಫಿನೋಬಾರ್ಬಿಟಾಲ್ ಹಸಿವನ್ನು ಹೆಚ್ಚಿಸುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬಳಿಕ ನಾಯಿಗೆ ಬೇಕಾಗುವ ಆಹಾರದ ಪ್ರಮಾಣ ಗಣನೀಯವಾಗಿ ಇಳಿಯುತ್ತದೆಯಾದರೂ, ಹೆಚ್ಚಿನ ಮನೆಗಳಲ್ಲಿ ಅಳತೆ ಮಾತ್ರ ಹಿಂದಿನದೇ ಉಳಿದಿರುತ್ತದೆ.

ಊರಿನ ಪಶು ಚಿಕಿತ್ಸಾಲಯದಲ್ಲಿ ರಕ್ತಪರೀಕ್ಷೆಯ ಸೌಲಭ್ಯವಿಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕೀಲುನೋವಿದೆಯೇ ಎಂಬುದನ್ನೂ ತಪ್ಪದೆ ಕೇಳಿ. ನೋವಿಗೆಂದು ಮನುಷ್ಯರ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ನೀವಾಗಿಯೇ ಕೊಡಲು ಹೋಗಬೇಡಿ. ನಾಯಿಗೆ ಅವು ವಿಷವಾಗಬಲ್ಲವು. ಇನ್ನೂ ಬೆಳೆಯುತ್ತಿರುವ ಮರಿಗೂ ಗಬ್ಬದ ನಾಯಿಗೂ ಈ ಬರಹದಲ್ಲಿರುವ ಲೆಕ್ಕ ಹೊಂದುವುದಿಲ್ಲ.

ನಾಲ್ಕನೇ ಹಂತ: ದಿನಕ್ಕೆ ಎಷ್ಟು ಎಂಬ ಲೆಕ್ಕ

ನಾಯಿ ಸುಮ್ಮನೆ ಮಲಗಿದ್ದರೂ ಅದರ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಕಂಡುಹಿಡಿಯಲು ಒಂದು ಸೂತ್ರವಿದೆ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಗುರಿಯ ತೂಕವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಬೇಕು. ಕರಿಯನ ಗುರಿ 34 ಕೇಜಿ: 34×34×34 ಎಂದರೆ 39,304, ಒಂದು ಸಲ ವರ್ಗಮೂಲ ತೆಗೆದರೆ 198.25, ಇನ್ನೊಂದು ಸಲ ತೆಗೆದರೆ 14.08, 70ರಿಂದ ಗುಣಿಸಿದರೆ ಸುಮಾರು 985 ಕಿಲೋ ಕ್ಯಾಲೊರಿ (ಮಾತಿನಲ್ಲಿ ಇದನ್ನೇ ಕ್ಯಾಲೊರಿ ಎನ್ನುತ್ತೇವೆ). ತೂಕ ಇಳಿಸಬೇಕಾದ ನಾಯಿಗೆ ಇಡೀ ದಿನಕ್ಕೆ ಇಷ್ಟನ್ನೇ ಆರಂಭದ ಅಳತೆಯಾಗಿ ಇಟ್ಟುಕೊಳ್ಳುವುದು ವಾಡಿಕೆ. ಇಲ್ಲಿ ಹಾಕಬೇಕಾದದ್ದು ಈಗಿನ ತೂಕವನ್ನಲ್ಲ, ಗುರಿಯ ತೂಕವನ್ನು ಎಂಬುದನ್ನು ಮರೆಯಬೇಡಿ. ಒಂದೊಂದು ನಾಯಿಯ ದೇಹ ಒಂದೊಂದು ಬಗೆಯಾದ್ದರಿಂದ ಈ ಅಂಕಿಯನ್ನು ಪಶುವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಇದರಲ್ಲಿ ಶೇ 10ರಷ್ಟನ್ನು, ಅಂದರೆ ಸುಮಾರು 100 ಕ್ಯಾಲೊರಿಯನ್ನು ತಿಂಡಿಗೆಂದು ಬಿಟ್ಟು, ಉಳಿದದ್ದು ಮುಖ್ಯ ಆಹಾರದಿಂದ ಬರಬೇಕು. ಪ್ಯಾಕೆಟ್ ಆಹಾರವಾದರೆ ಅದರ ಮೇಲೆ ನೂರು ಗ್ರಾಂಗೆ ಅಥವಾ ಕೇಜಿಗೆ ಎಷ್ಟು ಕಿಲೋ ಕ್ಯಾಲೊರಿ ಎಂದು ನಮೂದಿಸಿರುತ್ತಾರೆ. ನೂರು ಗ್ರಾಂಗೆ 350 ಇದ್ದರೆ ಕರಿಯನ ಪಾಲು ದಿನಕ್ಕೆ ಸುಮಾರು 250 ಗ್ರಾಂ. ಇದನ್ನು ಲೋಟದಲ್ಲಿ ಅಳೆಯಬೇಡಿ. ಒಂದೇ ಲೋಟದಲ್ಲಿ ನಾನು ತುಂಬಿದ್ದಕ್ಕೂ ನನ್ನ ಮಗ ತುಂಬಿದ್ದಕ್ಕೂ ಮೂವತ್ತು ಗ್ರಾಂ ವ್ಯತ್ಯಾಸ ಬಂದಿತ್ತು, ಅದೂ ಇಬ್ಬರೂ ಎಚ್ಚರಿಕೆಯಿಂದ ತುಂಬಿದಾಗ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿಗೆ ಹಾಕುವ ದುಡ್ಡು ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಈಗ ತಟ್ಟೆಯ ಹೊರಗಿನ ಲೆಕ್ಕ. ಒಂದು ದಿನ ಯಾರಿಗೂ ಗದರದೆ, ನಾಯಿಯ ಬಾಯಿಗೆ ಹೋದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ. ನಮ್ಮ ಮನೆಯ ಚೀಟಿ ಹೀಗಿತ್ತು: ಬೆಳಗಿನ ಕಾಫಿಯ ಹೊತ್ತಿಗೂ ಸಂಜೆಯ ಕಾಫಿಯ ಹೊತ್ತಿಗೂ ಸೇರಿ ಎಂಟು ಗ್ಲೂಕೋಸ್ ಬಿಸ್ಕತ್ತು, ಒಂದಕ್ಕೆ ಸುಮಾರು 20ರಂತೆ 160, ತಿಂಡಿಯ ಹೊತ್ತಿಗೆ ಒಂದು ಅಕ್ಕಿರೊಟ್ಟಿ, ಸುಮಾರು 200, ಒಂದು ಬೇಯಿಸಿದ ಮೊಟ್ಟೆ, 75, ರಾತ್ರಿ ಉಳಿದ ಇನ್ನೂರು ಗ್ರಾಂ ಮೊಸರನ್ನ, ಸುಮಾರು 250. ಒಟ್ಟು 685. ಅವನಿಗೆ ಇಡೀ ದಿನಕ್ಕೆ ಬೇಕಾದ 985ರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು, ನಾವು ‘ಏನೂ ಹಾಕುವುದಿಲ್ಲ’ ಎಂದು ಹೇಳಿಕೊಳ್ಳುತ್ತಿದ್ದ ಹೊತ್ತಿನಲ್ಲೇ ಸಂದಾಯವಾಗುತ್ತಿತ್ತು. ರೊಟ್ಟಿಗೆ ಒಂದು ಟೀಚಮಚ ತುಪ್ಪ ಸವರಿದ್ದರೆ ಇನ್ನೂ 45 ಸೇರಿಸಬೇಕು.

ಐದನೇ ಹಂತ: ಒಂದು ಡಬ್ಬಿ

ನಾಯಿಗೆ ಹಾಕದೆ ಉಣ್ಣುವುದು ಹೇಗೆಂಬ ಅಳುಕು ನಮ್ಮ ಹಿರಿಯರಲ್ಲಿದೆ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ‘ಮೂಕಪ್ರಾಣಿಯ ಹೊಟ್ಟೆಗೆ ಅಳತೆ ಹಾಕ್ತೀಯೇನೋ’ ಎಂದು ನಮ್ಮಮ್ಮ ಕೇಳಿದಾಗ ನನ್ನ ಕ್ಯಾಲೊರಿಯ ಲೆಕ್ಕವೆಲ್ಲ ಬಾಯಲ್ಲೇ ಉಳಿಯಿತು. ಹಾಕಬೇಡಿ ಎಂದು ಆಜ್ಞೆ ಮಾಡಿದರೆ ಮರೆಯಲ್ಲಿ ಹಾಕುತ್ತಾರೆ, ಮರೆಯಲ್ಲಿ ಹಾಕಿದ್ದು ಲೆಕ್ಕಕ್ಕೆ ಸಿಗುವುದಿಲ್ಲ.

ಆದ್ದರಿಂದ ಹಾಕುವುದನ್ನು ನಿಲ್ಲಿಸುವ ಬದಲು ಹಾಕುವ ವಸ್ತುವನ್ನು ಬದಲಾಯಿಸಿದೆವು. ಬೆಳಿಗ್ಗೆ ಒಬ್ಬರೇ ಆ ದಿನದ ಪೂರ್ತಿ ಪಾಲನ್ನು ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕಿಡುವುದು. ಇನ್ನೊಂದು ಸಣ್ಣ ಡಬ್ಬಿಯಲ್ಲಿ ಸೌತೆಕಾಯಿ, ಬೇಯಿಸಿದ ಬೀನ್ಸ್, ಕ್ಯಾರೆಟ್ ಹೋಳುಗಳು. ಯಾರು, ಯಾವಾಗ, ಎಷ್ಟು ಸಲ ಹಾಕಿದರೂ ಇವೆರಡರಿಂದಲೇ ಹಾಕಬೇಕು. ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಅಮ್ಮ ಕಾಫಿ ಕುಡಿಯುತ್ತಾ ಬಿಸ್ಕತ್ತಿನ ಬದಲು ಬೀನ್ಸ್ ಕೊಡತೊಡಗಿದರು. ಕರಿಯನಿಗೆ ಬೇಕಾಗಿದ್ದದ್ದು ಅಮ್ಮನ ಕೈಯಿಂದ ಬೀಳುವ ಏನಾದರೊಂದು. ಬಿಸ್ಕತ್ತೇ ಆಗಬೇಕೆಂಬ ಹಟ ಅವನಿಗಿರಲಿಲ್ಲ.

ತೋಟದ ಮನೆಗಳಲ್ಲಿ ಇನ್ನೂ ಕೆಲವು ಬಾಗಿಲುಗಳನ್ನು ಮುಚ್ಚಬೇಕು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯ ಮಕ್ಕಳಿಗೆ ಒಂದು ಮುಷ್ಟಿ ಪಾಲನ್ನು ಕೊಟ್ಟು ‘ಇವತ್ತು ನೀವು ಹಾಕಿ’ ಎಂದರೆ ಅವರಷ್ಟು ಕಟ್ಟುನಿಟ್ಟಾದ ಕಾವಲುಗಾರರು ಬೇರೆ ಸಿಗುವುದಿಲ್ಲ. ಕೊಟ್ಟಿಗೆಯ ಕಲಗಚ್ಚಿನ ಬಾನಿ, ಹಿಂಡಿ ನೆನೆಸಿಟ್ಟ ಬಕೆಟ್, ಬೆಕ್ಕಿನ ತಟ್ಟೆ, ಕೋಳಿಗೆ ಚೆಲ್ಲಿದ ಅನ್ನ, ಇವೆಲ್ಲವೂ ದೊಡ್ಡ ನಾಯಿಗೆ ಊಟವೇ. ಮನೆಯಲ್ಲಿ ಎರಡು ನಾಯಿಗಳಿದ್ದರೆ ಬೇರೆ ಬೇರೆ ಕಡೆ ಹಾಕಿ, ಮುಗಿದ ಕೂಡಲೇ ತಟ್ಟೆ ಎತ್ತಿಬಿಡಿ.

ಆರನೇ ಹಂತ: ತಟ್ಟೆಯಲ್ಲಿ ಏನಿರಬೇಕು

ಈಗ ಹಾಕುತ್ತಿರುವ ಆಹಾರವನ್ನೇ ಅರ್ಧಕ್ಕೆ ಇಳಿಸುವುದು ಸುಲಭವೆನಿಸಿದರೂ, ಹಾಗೆ ಮಾಡಿದರೆ ಕ್ಯಾಲೊರಿಯ ಜೊತೆಗೆ ಪ್ರೋಟೀನ್, ಖನಿಜ, ವಿಟಮಿನ್‌ಗಳೂ ಅರ್ಧಕ್ಕೆ ಇಳಿದು, ಬೊಜ್ಜಿನ ಬದಲು ಮಾಂಸಖಂಡ ಕರಗುವ ಅಪಾಯವಿದೆ. ತೂಕ ಇಳಿಸಲೆಂದೇ ತಯಾರಾಗುವ ಆಹಾರದಲ್ಲಿ ಪ್ರೋಟೀನ್ ಮತ್ತು ನಾರು ಹೆಚ್ಚು, ಕೊಬ್ಬು ಕಡಿಮೆ. ಬೆಲೆ ಹೆಚ್ಚಾದರೂ 10 ಕೇಜಿಗೂ ಮೀರಿ ಇಳಿಸಬೇಕಾದ ನಾಯಿಗೆ ನಾನು ಅದನ್ನೇ ಸೂಚಿಸುತ್ತೇನೆ. ಹಳೆಯದಕ್ಕೆ ಹೊಸದನ್ನು ದಿನದಿನವೂ ಸ್ವಲ್ಪ ಹೆಚ್ಚಿಸುತ್ತಾ ಒಂದು ವಾರದಿಂದ ಹತ್ತು ದಿನಗಳಲ್ಲಿ ಬದಲಾಯಿಸಿ, ಇಲ್ಲವಾದರೆ ಭೇದಿಯಾಗುತ್ತದೆ.

ಮನೆಯ ಅಡುಗೆಯನ್ನೇ ಹಾಕುವವರು ಅನ್ನ ಮತ್ತು ಮುದ್ದೆಯನ್ನು ಕಡಿಮೆ ಮಾಡಿ, ಚರ್ಮ ತೆಗೆದ ಕೋಳಿಮಾಂಸ, ಮೊಟ್ಟೆ, ಸೋರೆಕಾಯಿ, ಸಿಹಿಗುಂಬಳ, ಬೀನ್ಸ್ ಹೆಚ್ಚಿಸಬೇಕು. ಬೇಯಿಸಿದ ಅನ್ನ ನೂರು ಗ್ರಾಂಗೆ 130 ಕ್ಯಾಲೊರಿ ಕೊಟ್ಟರೆ ಸಿಹಿಗುಂಬಳ ಕೊಡುವುದು 26ರಷ್ಟು. ಹೊಟ್ಟೆ ತುಂಬಿದಂತಾಗಲು ಇದು ನೆರವಾಗುತ್ತದೆ. ಆದರೆ ಅನ್ನ, ಮಾಂಸ, ತರಕಾರಿಯಷ್ಟರಿಂದ ಸುಣ್ಣದ ಅಂಶ (ಕ್ಯಾಲ್ಸಿಯಂ) ಸಾಲದು. ಯಾವ ಪೂರಕ ಪುಡಿಯನ್ನು ಎಷ್ಟು ಬೆರೆಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಸಾಂಬಾರು ಕಲಸಿದ ಅನ್ನ ಬೇಡ, ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಬೇಯಿಸಿದ ಮೂಳೆ ಕೂಡದು. ಹಸಿದ ನಾಯಿ ಕಣದ ಅಂಚಿನಲ್ಲಿ ಬಿದ್ದ ಸಿಹಿಯಾದ ಕಾಫಿಹಣ್ಣನ್ನೂ ಮೆಲ್ಲಬಹುದು. ಅದರಲ್ಲಿರುವ ಕೆಫೀನ್ ನಾಯಿಗೆ ವಿಷ. ಇಲಿಪಾಷಾಣವನ್ನು ಎಲ್ಲಿಟ್ಟಿದ್ದೀರೆಂದು ಈ ದಿನಗಳಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಉಪವಾಸ ಹಾಕಬೇಡಿ. ದಿನದ ಪಾಲನ್ನು ಎರಡು ಅಥವಾ ಮೂರು ಹೊತ್ತಾಗಿ ಹಂಚಿ. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದ್ದು, ದಿನಕ್ಕೊಮ್ಮೆ ರಾಶಿ ಊಟ ಹಾಕುವುದು ಅದನ್ನು ಹೆಚ್ಚಿಸುತ್ತದೆ. ಹೊಟ್ಟೆ ಉಬ್ಬಿ, ವಾಂತಿಯಾಗದೆ ಬರಿದೇ ಓಕರಿಸುತ್ತಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಗಬಗಬನೆ ನುಂಗುವ ನಾಯಿಯ ತಟ್ಟೆಯ ನಡುವೆ ನುಂಗಲಾಗದಷ್ಟು ದೊಡ್ಡದಾದ, ತೊಳೆದ ಹೊಳೆಗಲ್ಲೊಂದನ್ನು ಇಟ್ಟರೆ ಅದು ಸುತ್ತಲೂ ಹುಡುಕಿ ತಿನ್ನಬೇಕಾಗುತ್ತದೆ.

ಮೊದಲ ಎರಡು ವಾರ ನಾಯಿ ನಿಮ್ಮನ್ನು ನೋಡುವ ನೋಟ ಸಹಿಸುವುದು ಕಷ್ಟ. ಲ್ಯಾಬ್ರಡಾರಿನ ಮಟ್ಟಿಗೆ ಅದು ನಾಟಕವಲ್ಲ. ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಇಲ್ಲವೆಂದು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಆ ನಾಯಿಗಳಿಗೆ ಊಟದ ಮೇಲಿನ ಆಸೆ ಹೆಚ್ಚು, ತೂಕವೂ ಹೆಚ್ಚು. ಕನಿಕರದಿಂದ ಕೈ ಸಡಿಲಿಸುವ ಮೊದಲು ಇನ್ನೊಂದು ಅಧ್ಯಯನವನ್ನೂ ನೆನಪಿಡಬಹುದು: 48 ಲ್ಯಾಬ್ರಡಾರ್‌ಗಳನ್ನು ಜೋಡಿಗಳಾಗಿಸಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಹಾಕಿ ಜೀವಮಾನವಿಡೀ ಗಮನಿಸಿದಾಗ, ಕಡಿಮೆ ತಿಂದವುಗಳ ಮಧ್ಯಮ ಆಯುಸ್ಸು (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 13 ವರ್ಷವೂ ಉಳಿದವುಗಳದು 11.2 ವರ್ಷವೂ ಆಗಿತ್ತು. ಅದರ ಫಲಿತಾಂಶ ಪ್ರಕಟವಾದದ್ದು 2002ರಲ್ಲಿ.

ಏಳನೇ ಹಂತ: ನಡೆಸುವುದು

ತೂಕ ಇಳಿಸುವುದರಲ್ಲಿ ದೊಡ್ಡ ಪಾಲು ಆಹಾರದ್ದು. ನಡಿಗೆಯ ಕೆಲಸ ಮಾಂಸಖಂಡವನ್ನು ಉಳಿಸುವುದು, ಕೀಲುಗಳನ್ನು ಸಡಿಲವಾಗಿಡುವುದು. ಹಗಲಿಡೀ ಸರಪಳಿಯಲ್ಲಿರುವ ತೋಟದ ನಾಯಿಗಳಿಗೆ ಇದು ಇನ್ನೂ ಮುಖ್ಯ. ಸಮತಟ್ಟಾದ ಜಾಗದಲ್ಲಿ ದಿನಕ್ಕೆ ಎರಡು ಸಲ ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ಮರುದಿನ ಏಳುವಾಗ ಕುಂಟಿದರೆ ಹಿಂದಿನ ವಾರದ ಅಳತೆಗೆ ಮರಳಿ. ತೋಟದ ಇಳಿಜಾರು, ಮೆಟ್ಟಿಲು, ಚೆಂಡಿಗಾಗಿ ಜಿಗಿಸುವುದು, ಬೈಕಿನ ಹಿಂದೆ ಓಡಿಸುವುದು ಈಗ ಬೇಡ. ಕೊಯ್ಲಿಲ್ಲದ ಕಾಲದಲ್ಲಿ ಖಾಲಿಯಿರುವ ಕಾಫಿ ಕಣಕ್ಕಿಂತ ಒಳ್ಳೆಯ ಮೈದಾನ ನನಗೆ ಗೊತ್ತಿಲ್ಲ. ಊಟದ ಹಿಂದೆಮುಂದೆ ಒಂದು ಗಂಟೆ ಓಡಾಟ ಬೇಡ.

ಸಮಯದ ಆಯ್ಕೆ ನಮ್ಮ ಕಡೆ ಸುಲಭವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಾಸನ, ಅರಸೀಕೆರೆ, ಕಡೂರಿನ ಬಿಸಿಲು ದಪ್ಪ ನಾಯಿಗೆ ಅಪಾಯಕಾರಿ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ತಂಪು, ಬೊಜ್ಜು ಅದಕ್ಕೂ ಅಡ್ಡಬರುತ್ತದೆ. ಡಾಂಬರಿನ ಮೇಲೆ ನಿಮ್ಮ ಹೊರಗೈಯನ್ನು ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಬಿಸಿಯೇ. ಹಾಗೆಂದು ನಸುಕಿನಲ್ಲಿ ಹೊರಡೋಣವೆಂದರೆ ಆಲೂರು, ಸಕಲೇಶಪುರದ ಕಡೆ ಆನೆಗಳ ಭಯ. ಕತ್ತಲಾದ ಮೇಲೆ ತೋಟದಂಚಿನಲ್ಲಿ ಚಿರತೆಗೆ ನಾಯಿಯೇ ಸುಲಭದ ಬೇಟೆ. ಚೆನ್ನಾಗಿ ಬೆಳಕು ಹರಿದ ಮೇಲೆ, ಬಿಸಿಲೇರುವ ಮೊದಲು, ಹಗ್ಗ ಹಿಡಿದು ಮನೆಯ ಹತ್ತಿರವೇ ನಡೆಸಿ. ಈಜು ಕೀಲುಗಳಿಗೆ ಒಳ್ಳೆಯದಾದರೂ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಮಾತ್ರ ಎಂದಿಗೂ ಬಿಡಬೇಡಿ. ಜಾರುವ ಅಂಚನ್ನು ಹತ್ತಲಾಗದೆ ಈಜು ಬಲ್ಲ ನಾಯಿಯೂ ಮುಳುಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನಲ್ಲಿ ನಡಿಗೆಯ ಮಾತೇ ಇಲ್ಲ; ಹೊರಟರೂ ಉಂಬಳಗಳನ್ನು ಬಿಡಿಸುವುದರಲ್ಲೇ ಸಮಯ ಮುಗಿಯುತ್ತದೆ. ಆಗ ಊಟವನ್ನು ತಟ್ಟೆಗೆ ಹಾಕದೆ ಜಗಲಿಯುದ್ದಕ್ಕೂ ಕಾಳು ಕಾಳಾಗಿ ಚೆಲ್ಲಿ, ಅಥವಾ ಮಡಚಿದ ಗೋಣಿಚೀಲಗಳ ನಡುವೆ ಅಡಗಿಸಿ ಮೂಗಿನಿಂದ ಹುಡುಕಿಸಿ. ಅರ್ಧ ಗಂಟೆ ಅಡ್ಡಾಡಿ ಹುಡುಕಿದ ಕರಿಯ ಆ ಮೇಲೆ ಸುಖವಾಗಿ ನಿದ್ದೆ ಮಾಡುತ್ತಿದ್ದ.

ಎಂಟನೇ ಹಂತ: ತೂಕ ನಿಂತಾಗ, ಅಥವಾ ತೀರಾ ಬೇಗ ಇಳಿದಾಗ

ವಾರಕ್ಕೆ ದೇಹತೂಕದ ಶೇ 1ರಷ್ಟು, ಕರಿಯನ ಲೆಕ್ಕದಲ್ಲಿ ಸುಮಾರು 400 ಗ್ರಾಂ ಇಳಿದರೆ ಬಹಳ ಚೆನ್ನ. ಅರ್ಧ ಇಳಿದರೂ ಸರಿಯೇ. ಶೇ 2ಕ್ಕಿಂತ ಹೆಚ್ಚು ಇಳಿಯಬಾರದು. ಜೊತೆಗೆ ನಾಯಿ ಮಂಕಾಗಿ, ಊಟ ಬಿಟ್ಟು, ಜ್ವರ ಬಂದಿದ್ದರೆ ಪಥ್ಯ ಫಲಿಸಿತೆಂದು ಸಂತೋಷಪಡಬೇಡಿ. ಅದು ಉಣ್ಣೆಗಳಿಂದ ಹರಡುವ ಜ್ವರವಿರಬಹುದು, ಮೂಗಿನಲ್ಲಿ ರಕ್ತ ಕಾಣಿಸಿದರಂತೂ ತುರ್ತು.

ಎರಡು ಮೂರು ಸಲ ತೂಗಿದರೂ ಅಂಕಿ ಅಲುಗದಿದ್ದರೆ ಮೊದಲು ಹುಡುಕಬೇಕಾದದ್ದು ಸೋರಿಕೆಯನ್ನು. ಜೂನ್, ಜುಲೈ ಎರಡು ತಿಂಗಳು ಕರಿಯ 39 ಕೇಜಿಯಲ್ಲೇ ನಿಂತುಬಿಟ್ಟ. ಡಬ್ಬಿಯ ಅಳತೆ ಸರಿಯಿತ್ತು. ನಾನು ಅಮ್ಮನನ್ನೂ ಲೈನ್ ಮನೆಯ ಮಕ್ಕಳನ್ನೂ ಅನುಮಾನಿಸಿ ಸಣ್ಣವನಾದೆ. ಕೊನೆಗೊಂದು ದಿನ ಪಂಪ್‌ಹೌಸಿನ ಹಿಂದೆ ಹೋದಾಗ, ನೆರಳಿಗೆಂದು ಬೆಳೆಸಿದ ಬೆಣ್ಣೆಹಣ್ಣಿನ (ಅವಕಾಡೊ) ಮರದ ಬುಡದಲ್ಲಿ ನೆಕ್ಕಿ ನಯಗೊಳಿಸಿದ ಹತ್ತಾರು ಬೀಜಗಳು ಸಾಲಾಗಿ ಬಿದ್ದಿದ್ದವು, ಪಕ್ಕದ ಒದ್ದೆ ಮಣ್ಣಿನಲ್ಲಿ ಅವನು ಮಲಗಿ ತಿಂದ ಮೈಯ ಅಚ್ಚು ಇತ್ತು. ಬೆಣ್ಣೆಹಣ್ಣಿನ ತಿರುಳು ನೂರು ಗ್ರಾಂಗೆ 160 ಕ್ಯಾಲೊರಿ. ಅದರ ಬೀಜ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿತ್ತು. ಮರದ ಸುತ್ತ ಬೇಲಿ ಕಟ್ಟಿದ ಎರಡೇ ವಾರಕ್ಕೆ ಅಂಕಿ ಕೆಳಗಿಳಿಯಿತು. ಹಲಸಿನ ಕಾಲದಲ್ಲೂ ಇದೇ ಎಚ್ಚರ ಬೇಕು. ಸೋರಿಕೆ ಎಲ್ಲಿಯೂ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ, ವೈದ್ಯರನ್ನು ಕೇಳಿ, ದಿನದ ಪಾಲನ್ನು ಶೇ 5ರಿಂದ 10ರಷ್ಟು ಇಳಿಸಬಹುದು.

ಗುರಿ ಮುಟ್ಟಿದ ಮೇಲೆ

ಹಳೆಯ ಅಳತೆಗೆ ಮರಳಿದರೆ ಹಳೆಯ ತೂಕವೂ ಮರಳುತ್ತದೆ. ಎರಡು ವಾರಕ್ಕೊಮ್ಮೆ ಶೇ 10ರಷ್ಟು ಹೆಚ್ಚಿಸುತ್ತಾ, ತೂಕ ಇಳಿಯದೆ ಏರದೆ ನಿಲ್ಲುವ ಅಳತೆಯನ್ನು ಕಂಡುಕೊಂಡು ಅಲ್ಲಿಗೇ ನಿಲ್ಲಿಸಿ. ಆಮೇಲೆ ತಿಂಗಳಿಗೊಮ್ಮೆ ತೂಗಿದರೆ ಸಾಕು. ಒಂದು ಕೇಜಿ ಏರಿದ ಕೂಡಲೇ ಮತ್ತೆ ಚೀಟಿ ಬರೆಯಲು ಕುಳಿತುಕೊಳ್ಳಿ. ನಮ್ಮ ಡಬ್ಬಿ ಈಗಲೂ ಅಡುಗೆಮನೆಯ ಕಟ್ಟೆಯ ಮೇಲಿದೆ. ಈ ಕೊಯ್ಲಿನಲ್ಲಿ ಮೂಟೆ ತೂಗಲೆಂದು ತಕ್ಕಡಿಯನ್ನು ಹೊರಗೆ ತಂದಿಟ್ಟಾಗ, ಯಾರೂ ಕರೆಯದಿದ್ದರೂ ಕರಿಯ ಬಂದು ಗೋಣಿಚೀಲದ ಮೇಲೆ ಹತ್ತಿ ನಿಂತ: 34.6.